ಬಿಳಿ ರಕ್ತಕಣಕ್ಕೆ ಕಣ್ಣಿಲ್ಲ, ಮೂಗಿಲ್ಲ. ಒಳಗೆ ಬಂದದ್ದು ಬ್ಯಾಕ್ಟೀರಿಯಾ ಅಂತ ಹೇಗೆ ಗೊತ್ತಾಗುತ್ತದೆ?

ಹುಳುಮನೆ ಶಿಡ್ಲಘಟ್ಟ (ರಾತ್ರಿ 8:40)
ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಅಪ್ಪ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಬಳ್ಳಾರಿ ಜಾಲಿ ಕಡಿಯುತ್ತಿದ್ದರು. ಚಪ್ಪಲಿ ತೂರಿಕೊಂಡು ಮುಳ್ಳು ಅಂಗಾಲಿಗೆ ಹೊಕ್ಕಿತು. ಕಿತ್ತು ಬಿಸಾಕಿ ಮತ್ತೆ ಕೆಲಸಕ್ಕೆ ನಿಂತರು. ಮಾರನೇ ದಿನ ಸಂಜೆ ಹೊತ್ತಿಗೆ ಪಾದ ಕೆಂಪಗೆ ಊದಿತ್ತು. ಮುಟ್ಟಿದರೆ ಬಿಸಿ. ತೊಡೆ ಸಂದಿಯಲ್ಲಿ ಗಡ್ಡೆ ಕಟ್ಟಿತ್ತು. ಜ್ವರ 102. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಊತ ಒಂದು ದಿನ ಇಳಿಯಿತು. ಆಮೇಲೆ ಮೊದಲಿಗಿಂತ ಜಾಸ್ತಿ ಆಯಿತು. ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆವು. ಬಿಳಿ ಕಣ 17,200 ಬಂತು. ಕೀವು ತೆಗೆದು ಆ್ಯಂಟಿಬಯೋಟಿಕ್ ಶುರು ಮಾಡಿದರು. ಇವತ್ತಿಗೆ ಎರಡನೇ ದಿನ.

ಮಗಳು ಸೆಕೆಂಡ್ ಪಿಯು ಓದುತ್ತಿದ್ದಾಳೆ. ರಿಪೋರ್ಟ್ ನೋಡಿ ಕೇಳಿದಳು: "ಅಪ್ಪಾ, ತಾತನ ಬಿಳಿ ಕಣಕ್ಕೆ ಬ್ಯಾಕ್ಟೀರಿಯಾ ಬಂದಿದೆ ಅಂತ ಯಾರು ಹೇಳಿದರು?" ಬ್ಯಾಕ್ಟೀರಿಯಾದ ಡಿಎನ್‌ಎ ಗುರುತು ಹಿಡಿಯುತ್ತವೆ ಅಂತ ಎಲ್ಲೋ ಓದಿದ್ದಾಳೆ. ಆದರೆ ಡಿಎನ್‌ಎ ಅಂದರೆ ಎಲ್ಲರಲ್ಲೂ ಅದೇ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರ ತಾನೇ? ತಾತನದೂ ಅದೇ, ಕ್ರಿಮಿಯದೂ ಅದೇ. ಬೇರೆ ಅಂತ ಹೇಗೆ ಗೊತ್ತಾಗುತ್ತದೆ?

ಇನ್ನೊಂದು ಮಾತು. ಎರಡು ದಿನದಿಂದ ಆ್ಯಂಟಿಬಯೋಟಿಕ್ ಹೋಗುತ್ತಿದೆ, ಜ್ವರ ಇನ್ನೂ ಬಿಟ್ಟಿಲ್ಲ. ಗಾಬರಿ ಪಡಬೇಕಾ?

ನೇರಳೆ ಮುಚ್ಚಳ (8:52)
ಅಣ್ಣಾ, ನಾನು ಚಿಕ್ಕಬಳ್ಳಾಪುರದಲ್ಲಿ ಲ್ಯಾಬ್ ಟೆಕ್ನಿಷಿಯನ್. ದೊಡ್ಡವರಿಗೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿ ಕಣ 4,000ದಿಂದ 11,000 ಇದ್ದರೆ ಸರಿ. 17,200 ಅಂದರೆ ಮೂಳೆ ಮಜ್ಜೆಗೆ ಕರೆ ಹೋಗಿದೆ, ಅಲ್ಲಿಂದ ಸೈನ್ಯ ಹೊರಟಿದೆ ಅಂತ ಅರ್ಥ. ರಿಪೋರ್ಟಿನಲ್ಲಿ ಕೆಳಗೆ ನ್ಯೂಟ್ರೋಫಿಲ್ (ಕ್ರಿಮಿ ನುಂಗುವ ಒಂದು ಬಗೆಯ ಬಿಳಿ ಕಣ) ಎಷ್ಟು ಪರ್ಸೆಂಟ್ ಇದೆ ನೋಡಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯಾ?

ಹುಳುಮನೆ ಶಿಡ್ಲಘಟ್ಟ (8:55)
ನ್ಯೂಟ್ರೋಫಿಲ್ 86. ಶುಗರ್ ಇಲ್ಲ ಅಕ್ಕ, ಅಲ್ಲೇ ಟೆಸ್ಟ್ ಮಾಡಿದರು.

ನೇರಳೆ ಮುಚ್ಚಳ (8:57)
ಸದ್ಯ. 86 ಅಂದರೆ ಬ್ಯಾಕ್ಟೀರಿಯಾ ಕಡೆಗೇ ಕೈ ತೋರಿಸುತ್ತದೆ. ನ್ಯೂಟ್ರೋಫಿಲ್ ಸಾಮಾನ್ಯವಾಗಿ 40ರಿಂದ 75 ಇರುತ್ತದೆ. ಕೀವು ಅಂತ ತೆಗೆದರಲ್ಲ, ಅದರಲ್ಲಿ ಬಹಳಷ್ಟು ಸತ್ತ ನ್ಯೂಟ್ರೋಫಿಲ್‌ಗಳೇ.

ಶ್ರೀನಿವಾಸಪುರ ಮಾವು (9:01)
ಮುಳ್ಳು ಚುಚ್ಚಿದ ಕೂಡಲೇ ಅರಿಶಿನ, ಸುಣ್ಣ ಕಲಸಿ ಬಿಸಿ ಮಾಡಿ ಕಟ್ಟಿದ್ದರೆ ಇಷ್ಟೆಲ್ಲಾ ಆಗುತ್ತಿರಲಿಲ್ಲ. ನಮ್ಮ ತಾತ ಅದೇ ಮಾಡುತ್ತಿದ್ದರು.

ನೇರಳೆ ಮುಚ್ಚಳ (9:04)
ಬೇಡ ಅಣ್ಣಾ, ದಯವಿಟ್ಟು ಇದನ್ನು ಇಲ್ಲಿ ಹೇಳಬೇಡಿ. ಮುಳ್ಳು ಒಂದು ಇಂಚು ಒಳಗೆ ಹೋಗಿರುತ್ತದೆ, ಅರಿಶಿನ ಚರ್ಮದ ಮೇಲೆ ಕೂತಿರುತ್ತದೆ. ಧನುರ್ವಾಯು ತರುವ ಬ್ಯಾಕ್ಟೀರಿಯಾ ಗಾಳಿ ಇಲ್ಲದ ಆಳದಲ್ಲೇ ಬೆಳೆಯುವುದು. ಮುಳ್ಳು, ಮೊಳೆ ಚುಚ್ಚಿದರೆ ಗಾಯ ಸೋಪು ನೀರಲ್ಲಿ ತೊಳೆದು ಟಿಟಿ ಹಾಕಿಸಿಕೊಳ್ಳಬೇಕು. ಆಮೇಲೆ ಬೇಕಾದರೆ ಅರಿಶಿನದ ಮಾತು.

ಮೇಷ್ಟ್ರು ಗೌರಿಬಿದನೂರು (9:15)
ಮಗುವಿನ ಪ್ರಶ್ನೆ ಬಹಳ ಚೆನ್ನಾಗಿದೆ. ನಾನು ಪಿಯುಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಇದು ಸಿಲಬಸ್‌ನಲ್ಲಿ ಇಷ್ಟು ವಿವರವಾಗಿ ಬರುವುದಿಲ್ಲ, ಆದರೂ ಹೇಳುತ್ತೇನೆ.

ನಾಲ್ಕೇ ಅಕ್ಷರ ಅನ್ನುವುದು ನಿಜ. ವ್ಯತ್ಯಾಸ ಇರುವುದು ಬರೆಯುವ ರೀತಿಯಲ್ಲಿ. ಸಿ ಆದ ಮೇಲೆ ಜಿ ಬರುವ ಜಾಗಕ್ಕೆ ಸಿಪಿಜಿ ಅನ್ನುತ್ತಾರೆ. ನಮ್ಮ ಡಿಎನ್‌ಎಯಲ್ಲಿ ಇಂಥ ಜಾಗಗಳ ಪೈಕಿ 100ಕ್ಕೆ 70–80ರಲ್ಲಿ ಸಿ ತಲೆಯ ಮೇಲೆ ಮೀಥೈಲ್ ಎಂಬ ಪುಟ್ಟ ಗುಂಪು ಕೂತಿರುತ್ತದೆ. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ. ಬ್ಯಾಕ್ಟೀರಿಯಾದ ಸಿಪಿಜಿ ಬೋಳು. ಇನ್ನೊಂದು, ನಮ್ಮಲ್ಲಿ ಸಿಪಿಜಿ ಇರುವುದೇ ಅಪರೂಪ. ಲೆಕ್ಕದ ಪ್ರಕಾರ ಎಷ್ಟು ಇರಬೇಕೋ ಅದರ ಐದನೇ ಒಂದು ಭಾಗದಷ್ಟು ಮಾತ್ರ ಇದೆ. ಬ್ಯಾಕ್ಟೀರಿಯಾದಲ್ಲಿ ಲೆಕ್ಕದಷ್ಟೇ ಇರುತ್ತದೆ. ಬೋಳು ಸಿಪಿಜಿ ಒತ್ತೊತ್ತಾಗಿ ಸಿಕ್ಕರೆ ಅದು ಹೊರಗಿನದು.

ಇದನ್ನು ಹಿಡಿಯುವ ಪ್ರೊಟೀನಿಗೆ ಟಿಎಲ್‌ಆರ್ 9 ಅಂತ ಹೆಸರು. ಜಪಾನಿನ ಶಿಜುವೊ ಅಕಿರಾ ಅವರ ತಂಡ 2000ನೇ ಇಸವಿಯಲ್ಲಿ ಇದನ್ನು ತೋರಿಸಿಕೊಟ್ಟಿತು.

ಬಾಗೇಪಲ್ಲಿ ಗಡಿ (9:23)
ಮೇಷ್ಟ್ರೇ, ನೀವು ಹೇಳಿದ್ದು ಓದಿದಾಗ ನಮ್ಮೂರ ಬಸ್ ಸ್ಟ್ಯಾಂಡ್ ನೆನಪಾಯಿತು. ನಮ್ಮಲ್ಲಿ ಕನ್ನಡ, ತೆಲುಗು ಎರಡೂ ಬೋರ್ಡು ಓಡಾಡುತ್ತವೆ. ಅಕ್ಷರದ ಮೈ ಹೆಚ್ಚು ಕಡಿಮೆ ಒಂದೇ. ಆದರೆ ದೂರದಿಂದಲೇ ಇದು ಹಿಂದೂಪುರದ ಬಸ್ಸು ಅಂತ ಗೊತ್ತಾಗುತ್ತದೆ. ತೆಲುಗಿನ ತಲೆಕಟ್ಟು ಟಿಕ್ ಹಾಕಿದ ಹಾಗೆ ಮೇಲೆ ಎದ್ದಿರುತ್ತದೆ. ನಮ್ಮದು ಮಲಗಿರುತ್ತದೆ. ಓದುವುದೇ ಬೇಡ, ತಲೆಕಟ್ಟು ನೋಡಿದರೆ ಸಾಕು. ಮೀಥೈಲ್ ಅಂದರೆ ತಲೆಕಟ್ಟು ಅಲ್ವಾ?

ಮೇಷ್ಟ್ರು ಗೌರಿಬಿದನೂರು (9:26)
ಎಷ್ಟು ಚೆಂದದ ಹೋಲಿಕೆ! ನಾಳೆ ಕ್ಲಾಸಿನಲ್ಲಿ ಇದನ್ನೇ ಹೇಳುತ್ತೇನೆ.

ಚಿಂತಾಮಣಿ ಓದುಗ (9:40)
ಹೋಲಿಕೆ ಚೆನ್ನಾಗಿದೆ, ಆದರೆ ಮೂರು ಕಡೆ ತಿದ್ದಬೇಕು. ನಾನು ಇದೇ ವಿಷಯ ಓದಿಕೊಂಡವನು, ಅದಕ್ಕೆ ಸುಮ್ನೆ ಇರಲು ಆಗಲಿಲ್ಲ.

ಮೊದಲನೆಯದು, ಬ್ಯಾಕ್ಟೀರಿಯಾ ಪೂರ್ತಿ ಬೋಳಲ್ಲ. ಅವು ಎ ಮೇಲೆ ಮೀಥೈಲ್ ಹಾಕಿಕೊಳ್ಳುತ್ತವೆ. ಬೇರೆ ಜಾಗದ ಕೆಲವು ಸಿ ಮೇಲೂ ಹಾಕುತ್ತವೆ. ಸಿಪಿಜಿ ಮೇಲೆ ಸಾಮಾನ್ಯವಾಗಿ ಹಾಕುವುದಿಲ್ಲ, ಅಷ್ಟೇ.

ಎರಡನೆಯದು, ಮೇಷ್ಟ್ರು ಹೇಳಿದ್ದು ಕೇಳಿದರೆ ಎಲ್ಲಾ ಬಿಳಿ ಕಣದಲ್ಲೂ ಟಿಎಲ್‌ಆರ್ 9 ಸಮನಾಗಿ ಇದೆ ಅನ್ನಿಸುತ್ತದೆ. ಮನುಷ್ಯರಲ್ಲಿ ಇದು ಜಾಸ್ತಿ ಇರುವುದು ಬಿ ಕಣ (ಆ್ಯಂಟಿಬಾಡಿ ಮಾಡುವವು) ಮತ್ತು ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕಣ ಎಂಬ ಎರಡು ಬಗೆಯ ಬಿಳಿ ಕಣಗಳಲ್ಲಿ. ನ್ಯೂಟ್ರೋಫಿಲ್‌ನಲ್ಲೂ ಇದೆ. ಇಲಿಯಲ್ಲಿ ಇನ್ನೂ ಹಲವು ಕಣಗಳಲ್ಲಿ ಇದೆ. ಇಲಿಯ ಪ್ರಯೋಗ ಓದಿ ಮನುಷ್ಯನಿಗೆ ಹಾಗೇ ಹಚ್ಚಿದರೆ ತಪ್ಪಾಗುತ್ತದೆ.

ಮೂರನೆಯದೇ ದೊಡ್ಡದು. ತಲೆಕಟ್ಟಿಗಿಂತ ಮುಖ್ಯ, ಆ ಡಿಎನ್‌ಎ ಎಲ್ಲಿ ಸಿಕ್ಕಿತು ಅನ್ನುವುದು.

ಬಾಗೇಪಲ್ಲಿ ಗಡಿ (9:42)
ಎಲ್ಲಿ ಸಿಕ್ಕಿತು ಅಂದರೆ? ಬಿಡಿಸಿ ಹೇಳಿ ಸಾರ್.

ಚಿಂತಾಮಣಿ ಓದುಗ (9:58)
ಟಿಎಲ್‌ಆರ್ 9 ಕಣದ ಹೊರಮೈಯಲ್ಲಿ ಇರುವುದಿಲ್ಲ. ಕಣದ ಒಳಗೆ ಒಂದು ಚೀಲ ಇರುತ್ತದೆ, ಎಂಡೋಸೋಮ್ ಅಂತ. ಹೊರಗಿನಿಂದ ನುಂಗಿದ್ದೆಲ್ಲಾ ಅಲ್ಲಿಗೆ ಹೋಗುತ್ತದೆ. ಒಳಗೆ ಹುಳಿ, ಅಂದರೆ ಆಮ್ಲ. ಬ್ಯಾಕ್ಟೀರಿಯಾವನ್ನು ನುಂಗಿ, ಅಲ್ಲಿ ಅದರ ಗೋಡೆ ಒಡೆದ ಮೇಲೆ ಅದರ ಡಿಎನ್‌ಎ ಹೊರಗೆ ಬೀಳುತ್ತದೆ. ಅಲ್ಲಿ ಟಿಎಲ್‌ಆರ್ 9 ಕಾದು ಕೂತಿರುತ್ತದೆ. ಅದೂ ಸುಮ್ಮನೆ ಕೆಲಸ ಮಾಡುವುದಿಲ್ಲ. ಆ ಹುಳಿ ಚೀಲದ ಕಿಣ್ವಗಳು ಅದರ ಒಂದು ತುಂಡನ್ನು ಕತ್ತರಿಸಿದ ಮೇಲೇ ಅದು ಎಚ್ಚರ ಆಗುವುದು.

ಇಷ್ಟೆಲ್ಲಾ ಕಟ್ಟುಪಾಡು ಯಾಕೆ ಅಂದರೆ, ನಮ್ಮ ಡಿಎನ್‌ಎ ಆ ಚೀಲಕ್ಕೆ ಬರುವುದು ಕಡಿಮೆ. ನಮ್ಮದು ನ್ಯೂಕ್ಲಿಯಸ್ ಒಳಗೆ ಭದ್ರವಾಗಿದೆ. ಸತ್ತ ಕಣದಿಂದ ರಕ್ತಕ್ಕೆ ಬಿದ್ದದ್ದನ್ನು ಕಿಣ್ವಗಳು ಬೇಗ ಚೂರು ಮಾಡುತ್ತವೆ. 2006ರಲ್ಲಿ ಒಂದು ಪ್ರಯೋಗ ಆಯಿತು. ಟಿಎಲ್‌ಆರ್ 9 ಅನ್ನು ಬದಲಿಸಿ ಕಣದ ಹೊರಮೈಗೆ ತಂದು ಕೂರಿಸಿದರು. ಆಗ ಅದು ನಮ್ಮದೇ ಡಿಎನ್‌ಎಗೂ ಕೂಗಲು ಶುರು ಮಾಡಿತು. ಅಂದರೆ ತಲೆಕಟ್ಟು ಒಂದೇ ಕಾಪಾಡುತ್ತಿರಲಿಲ್ಲ. ಜಾಗವೂ ಕಾಪಾಡುತ್ತಿತ್ತು.

ಮೇಷ್ಟ್ರು ಗೌರಿಬಿದನೂರು (10:05)
ಒಪ್ಪಿಕೊಳ್ಳುತ್ತೇನೆ. ಎಲ್ಲಾ ಬಿಳಿ ಕಣ ಅಂತ ನಾನು ಬರೆದಿಲ್ಲ, ಆದರೆ ಹಾಗೆ ಕೇಳಿಸುತ್ತದೆ ಅನ್ನುವುದು ಸರಿ. ಆದರೆ ಮೀಥೈಲ್ ಪಾತ್ರ ಸಣ್ಣದು ಅನ್ನುವುದನ್ನು ಒಪ್ಪುವುದಿಲ್ಲ. 1995ರಲ್ಲಿ ಆರ್ಥರ್ ಕ್ರೀಗ್ ಅವರ ತಂಡ ಇದನ್ನು ನೇರವಾಗಿ ನೋಡಿತ್ತು. ಬೋಳು ಸಿಪಿಜಿ ಇರುವ ಸಣ್ಣ ಡಿಎನ್‌ಎ ತುಂಡು ಕೊಟ್ಟಾಗ ಬಿ ಕಣಗಳು ಎದ್ದವು. ಅದೇ ತುಂಡಿನ ಸಿಗೆ ಮೀಥೈಲ್ ಹಾಕಿದಾಗ ಸುಮ್ಮನಾದವು. ಅಕ್ಷರ ಅವೇ, ಸಾಲು ಅದೇ.

ಚಿಂತಾಮಣಿ ಓದುಗ (10:09)
ಸಣ್ಣದು ಅಂತ ನಾನೂ ಹೇಳಲಿಲ್ಲ ಮೇಷ್ಟ್ರೇ. ಎರಡೂ ಬೇಕು ಅಂತ ಹೇಳಿದೆ.

ಮೇಷ್ಟ್ರು ಗೌರಿಬಿದನೂರು (10:10)
ಹಾಗಾದರೆ ಜಗಳ ಇಲ್ಲ.

ಸಂತೆ ಸುದ್ದಿ (10:12)
ಶಿಡ್ಲಘಟ್ಟದ ಅಣ್ಣಾ, ಇವತ್ತು ರೇಷ್ಮೆ ಗೂಡಿನ ರೇಟ್ ಹೇಗಿತ್ತು? ನಮ್ಮದು ನಾಡಿದ್ದು ಲಾಟ್ ಬರುತ್ತದೆ.

ಹುಳುಮನೆ ಶಿಡ್ಲಘಟ್ಟ (10:14)
ಆಸ್ಪತ್ರೆ ಓಡಾಟದಲ್ಲಿ ಮಾರ್ಕೆಟ್ ಕಡೆ ಹೋಗಲಿಲ್ಲ ಅಣ್ಣಾ. ನಾಳೆ ವಿಚಾರಿಸಿ ಹೇಳುತ್ತೇನೆ.

ಕೋಲಾರದ ಹೌಸ್‌ಸರ್ಜನ್ (10:31)
ಡ್ಯೂಟಿ ಮುಗಿಸಿ ಈಗ ಓದಿದೆ. ಅಣ್ಣಾ, ಎರಡನೇ ದಿನಕ್ಕೆ ಜ್ವರ ಇದೆ ಅಂತ ಗಾಬರಿ ಬೇಡ. ಇಳಿಮುಖ ಆಗಿದೆಯಾ ನೋಡಿ. ಇಂಥ ಸೋಂಕಿನಲ್ಲಿ ಆ್ಯಂಟಿಬಯೋಟಿಕ್ ಕೆಲಸ ಕಾಣಲು ಎರಡು ಮೂರು ದಿನ ಬೇಕು. ಆದರೆ ಕೆಂಪು ಮೇಲಕ್ಕೆ ಹತ್ತುತ್ತಿದ್ದರೆ, ಅಪ್ಪನಿಗೆ ಮಂಪರು ಬಂದರೆ, ಉಸಿರು ಜೋರಾದರೆ, ಮೂತ್ರ ಕಡಿಮೆ ಆದರೆ ರಾತ್ರಿಯೇ ಕರೆದುಕೊಂಡು ಹೋಗಬೇಕು. ಬೆಳಗಾಗಲಿ ಅನ್ನಬಾರದು. ಪೆನ್ನಿನಲ್ಲಿ ಕೆಂಪಿನ ಅಂಚಿಗೆ ಗೆರೆ ಎಳೆದಿಡಿ, ದಾಟಿದರೆ ಗೊತ್ತಾಗುತ್ತದೆ.

ಜ್ವರ ಯಾಕೆ ಉಳಿಯುತ್ತದೆ ಅನ್ನುವುದಕ್ಕೆ ಮೇಲಿನ ಚರ್ಚೆಯಲ್ಲೇ ಉತ್ತರ ಇದೆ. ಬಿಳಿ ಕಣ ನೋಡುವುದು ಕ್ರಿಮಿಯ ಚೂರುಗಳನ್ನು. ಸತ್ತ ಬ್ಯಾಕ್ಟೀರಿಯಾದಲ್ಲೂ ಡಿಎನ್‌ಎ ಇದೆ, ಗೋಡೆಯ ಚೂರು ಇದೆ. ಕೆಲವು ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾದ ಗೋಡೆ ಒಡೆದೇ ಕೊಲ್ಲುವುದು. ಆಗ ಚೂರುಗಳು ಇನ್ನೂ ಹರಡುತ್ತವೆ. ಅವು ಗುಡಿಸಿ ಹೋಗುವ ತನಕ ಗಂಟೆ ಬಾರಿಸುತ್ತಲೇ ಇರುತ್ತದೆ.

ಆ ಮೊದಲನೇ ಕ್ಲಿನಿಕ್‌ನ ಚೀಟಿ ಇದೆಯಾ? ಯಾವ ಇಂಜೆಕ್ಷನ್?

ಹುಳುಮನೆ ಶಿಡ್ಲಘಟ್ಟ (10:38)
ಡೆಕ್ಸಾಮೆಥಾಸೋನ್, ಡೈಕ್ಲೋಫೆನಾಕ್ ಅಂತ ಬರೆದಿದೆ. ಮಾತ್ರೆಯಲ್ಲಿ ಆ್ಯಂಟಿಬಯೋಟಿಕ್ ಇಲ್ಲ.

ಕೋಲಾರದ ಹೌಸ್‌ಸರ್ಜನ್ (10:50)
ಅದೇ ಅಂದುಕೊಂಡೆ. ಬೇಜಾರಾಗುತ್ತದೆ. ನಡೆದದ್ದು ಇಷ್ಟು: ಟಿಎಲ್‌ಆರ್ ಗುರುತು ಹಿಡಿದ ಕೂಡಲೇ ಕಣದೊಳಗೆ ಒಬ್ಬರು ಇನ್ನೊಬ್ಬರನ್ನು ತಟ್ಟಿ ಎಬ್ಬಿಸಿದ ಹಾಗೆ ಸುದ್ದಿ ಸಾಗುತ್ತದೆ. ಮೊದಲು ಮೈಡಿ88 ಎಂಬ ಪ್ರೊಟೀನ್, ಆಮೇಲೆ ಮತ್ತಷ್ಟು. ಕೊನೆಗೆ ಎನ್‌ಎಫ್ ಕಪ್ಪಾ ಬಿ. ಅದೂ ಒಂದು ಪ್ರೊಟೀನ್. ಅದನ್ನು ಮಾಮೂಲಿ ದಿನದಲ್ಲಿ ಕಟ್ಟಿಹಾಕಿರುತ್ತಾರೆ. ಸುದ್ದಿ ಬಂದಾಗ ಹಗ್ಗ ಬಿಚ್ಚುತ್ತದೆ. ಅದು ನ್ಯೂಕ್ಲಿಯಸ್‌ಗೆ ಓಡಿ ಹೋಗಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್ 6 ಇಂಥ ಸಂದೇಶ ಒಯ್ಯುವ ಪ್ರೊಟೀನುಗಳನ್ನು ತಯಾರಿಸುವ ಜೀನ್‌ಗಳನ್ನು ಆನ್ ಮಾಡುತ್ತದೆ. ಇವೇ ರಕ್ತನಾಳ ಹಿಗ್ಗಿಸುವುದು, ನೀರು ಸೋರುವಂತೆ ಮಾಡುವುದು, ನ್ಯೂಟ್ರೋಫಿಲ್‌ಗಳನ್ನು ನಾಳದ ಗೋಡೆಗೆ ಅಂಟಿಸಿ ಹೊರಗೆ ತೂರಿಸುವುದು. ಕೆಂಪು, ಬಿಸಿ, ಊತ, ನೋವು ನಾಲ್ಕೂ ಇಲ್ಲಿಂದಲೇ. ಇವೇ ಮೆದುಳಿಗೆ ಹೋಗಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಿಸಿ ಮೈಯ ಶಾಖದ ಮಟ್ಟ ಏರಿಸುತ್ತವೆ. ಅದೇ ಜ್ವರ.

ಡೈಕ್ಲೋಫೆನಾಕ್ ನೋವಿನ ಮದ್ದು. ಡೆಕ್ಸಾ ಒಂದು ಸ್ಟೀರಾಯ್ಡ್, ಅದು ಆ ಎನ್‌ಎಫ್ ಕಪ್ಪಾ ಬಿ ಕೆಲಸವನ್ನು ತಡೆಯುತ್ತದೆ. ಊತ ಇಳಿಯಿತು, ನೋವು ಹೋಯಿತು. ಬ್ಯಾಕ್ಟೀರಿಯಾ ಹಾಗೇ ಉಳಿಯಿತು. ಕಾವಲುಗಾರನ ಬಾಯಿ ಕಟ್ಟಿದ ಹಾಗೆ.

ಬಾಗೇಪಲ್ಲಿ ಗಡಿ (10:54)
ಡಾಕ್ಟ್ರೇ, ಆದರೆ ಕೊರೊನಾ ಟೈಮಲ್ಲಿ ನಮ್ಮ ಸೋದರಮಾವನಿಗೆ ಆಕ್ಸಿಜನ್ ಜೊತೆ ಇದೇ ಡೆಕ್ಸಾ ಕೊಟ್ಟು ಉಳಿಸಿದರು. ಆಗ ಒಳ್ಳೆಯದು, ಈಗ ಕೆಟ್ಟದ್ದಾ?

ಕೋಲಾರದ ಹೌಸ್‌ಸರ್ಜನ್ (10:59)
ಆಗಲೂ ಸರಿ, ಈಗ ಹೇಳಿದ್ದೂ ಸರಿ. ಆಕ್ಸಿಜನ್ ಬೇಕಾಗುವ ಮಟ್ಟಕ್ಕೆ ಹೋದ ಕೋವಿಡ್‌ನಲ್ಲಿ ಕ್ರಿಮಿಗಿಂತ ನಮ್ಮ ಉರಿಯೂತವೇ ಶ್ವಾಸಕೋಶ ಹಾಳು ಮಾಡುತ್ತಿತ್ತು. 2020ರಲ್ಲಿ ಬ್ರಿಟನ್ನಿನ ರಿಕವರಿ ಎಂಬ ಟ್ರಯಲ್‌ನಲ್ಲಿ ಅಂಥವರಲ್ಲಿ ಡೆಕ್ಸಾ ಸಾವು ತಗ್ಗಿಸುತ್ತದೆ ಅಂತ ಸಾಬೀತಾಯಿತು. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ಇಲ್ಲಿ ಅಂಗಾಲಿನಲ್ಲಿ ಕೀವು ತುಂಬುತ್ತಿತ್ತು. ಆ್ಯಂಟಿಬಯೋಟಿಕ್ ಇಲ್ಲದೆ, ಕೀವು ತೆಗೆಯದೆ ಬರೀ ಡೆಕ್ಸಾ ಕೊಟ್ಟದ್ದು ತಪ್ಪು.

ಶ್ರೀನಿವಾಸಪುರ ಮಾವು (11:03)
ಅರಿಶಿನವೂ ಅದೇ ಕಪ್ಪಾ ಬಿ ತಡೆಯುತ್ತದೆ ಅಂತ ಓದಿದ್ದೇನೆ. ನೋಡಿ, ಹಿರಿಯರು ಸುಮ್ನೆ ಹೇಳಿಲ್ಲ.

ಚಿಂತಾಮಣಿ ಓದುಗ (11:08)
ಗಾಜಿನ ತಟ್ಟೆಯಲ್ಲಿ ಕಣಗಳ ಮೇಲೆ ಅರಿಶಿನದ ಕರ್ಕ್ಯುಮಿನ್ ಎಂಬ ಅಂಶ ಸುರಿದಾಗ ತಡೆಯುತ್ತದೆ, ನಿಜ. ಅರಿಶಿನ ತಿಂದರೆ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅದೂ ಅಲ್ಲದೆ, ಡಾಕ್ಟರ್ ಈಗಷ್ಟೇ ಹೇಳಿದರಲ್ಲ, ಸೋಂಕು ಇರುವಾಗ ಬರೀ ಉರಿಯೂತ ತಡೆದರೆ ಏನಾಗುತ್ತದೆ ಅಂತ. ನಿಮ್ಮ ಮಾತು ಸರಿ ಅಂತಾದರೆ ಅರಿಶಿನ ಕಟ್ಟಬಾರದು ಅಂತ ಆಗುತ್ತದೆ.

ಶ್ರೀನಿವಾಸಪುರ ಮಾವು (11:12)
ಇದು ಯೋಚಿಸಿರಲಿಲ್ಲ. ಸರಿ, ಟಿಟಿ ಮಾತಿಗೆ ನಾನೂ ಕೈ ಎತ್ತುತ್ತೇನೆ. ಮಾವಿನ ತೋಟದಲ್ಲಿ ನಮಗೂ ಮುಳ್ಳು ತಪ್ಪಿದ್ದಲ್ಲ.

ತುಮಕೂರಿನ ಟೀಚರ್ (ಬೆಳಿಗ್ಗೆ 6:20)
ಬೆಳಗ್ಗೆ ಎದ್ದು ಪೂರ್ತಿ ಓದಿದೆ. ಈ ಸಿಪಿಜಿ ಅನ್ನುವುದನ್ನು ನಾನು ಒಂದು ಲಸಿಕೆ ಪೆಟ್ಟಿಗೆಯ ಮೇಲೆ ನೋಡಿದ ನೆನಪು. 2022ರ ಮಾರ್ಚಿನಲ್ಲಿ ನಮ್ಮ ಶಾಲೆಯಲ್ಲಿ 12–14 ವಯಸ್ಸಿನ ಮಕ್ಕಳಿಗೆ ಕೊರ್ಬೆವ್ಯಾಕ್ಸ್ ಎಂಬ ಕೊರೊನಾ ಲಸಿಕೆ ಹಾಕಿದರು. ಮಕ್ಕಳ ಸಾಲು ನಿಲ್ಲಿಸುವ ಕೆಲಸ ನನ್ನದು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಚಿಂತಾಮಣಿ ಓದುಗ (7:05)
ನೇರ ಸಂಬಂಧ ಮೇಡಂ. ಹೈದರಾಬಾದಿನ ಬಯಾಲಜಿಕಲ್ ಇ ತಯಾರಿಸಿದ ಲಸಿಕೆ ಅದು. ಕೊರೊನಾ ವೈರಸ್ಸಿನ ಮೈಮೇಲಿನ ಮುಳ್ಳಿನ (ಸ್ಪೈಕ್) ಒಂದು ಭಾಗದ ಪ್ರೊಟೀನನ್ನು ಯೀಸ್ಟ್‌ನಲ್ಲಿ ಬೆಳೆಸಿರುತ್ತಾರೆ. ಬರೀ ಪ್ರೊಟೀನ್ ಚುಚ್ಚಿದರೆ ಬಿಳಿ ಕಣ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೇ ಸಿಪಿಜಿ 1018 ಎಂಬ ಸಣ್ಣ ಡಿಎನ್‌ಎ ತುಂಡನ್ನೂ ಅಲಂ ಎಂಬ ಅಲ್ಯುಮಿನಿಯಂ ಲವಣವನ್ನೂ ಸೇರಿಸುತ್ತಾರೆ. ಆ ತುಂಡು ಯಾವ ಕ್ರಿಮಿಯಿಂದಲೂ ತೆಗೆದದ್ದಲ್ಲ, ಯಂತ್ರದಲ್ಲಿ ಜೋಡಿಸಿದ್ದು. ಅದರಲ್ಲಿ ಬೋಳು ಸಿಪಿಜಿ ಇದೆ. ಟಿಎಲ್‌ಆರ್ 9 ಅದನ್ನು ಹಿಡಿದು ಬ್ಯಾಕ್ಟೀರಿಯಾ ಬಂತು ಅಂತ ಕೂಗುತ್ತದೆ. ಆ ಗಲಾಟೆಯಲ್ಲಿ ಪಕ್ಕದ ಪ್ರೊಟೀನನ್ನೂ ಕಣಗಳು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತವೆ. ಇದೇ ಸಿಪಿಜಿ 1018 ಹಾಕಿದ ಹೆಪಟೈಟಿಸ್ ಬಿ ಲಸಿಕೆಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತ್ತು.

ಇನ್ನೂ ಹಿಂದಕ್ಕೆ ಹೋದರೆ ನಮ್ಮೆಲ್ಲರ ಎಡ ತೋಳಿನ ಬಿಸಿಜಿ ಕಲೆಗೇ ಹೋಗುತ್ತದೆ. ಬಿಸಿಜಿ ಅಂದರೆ ಕ್ಷಯದ ಲಸಿಕೆ, ಅದೂ ಒಂದು ಬ್ಯಾಕ್ಟೀರಿಯಾ. ಬಿಸಿಜಿಯ ಸಾರ ಕೊಟ್ಟರೆ ಇಲಿಗಳ ಕ್ಯಾನ್ಸರ್ ಗಡ್ಡೆ ಯಾಕೆ ಕುಗ್ಗುತ್ತದೆ ಅಂತ ಜಪಾನಿನ ಟೊಕುನಾಗಾ ಮತ್ತು ಅವರ ಜೊತೆಗಾರರು ಹುಡುಕಿದರು. 1984ರಲ್ಲಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದದ್ದು ಬಿಸಿಜಿಯ ಡಿಎನ್‌ಎ! ಡಿಎನ್‌ಎ ಅಂದರೆ ಬರೀ ಮಾಹಿತಿ ಇಡುವ ವಸ್ತು, ಅದು ಬಿಳಿ ಕಣವನ್ನು ಎಬ್ಬಿಸುತ್ತದೆ ಅಂತ ಆಗ ಯಾರೂ ಎಣಿಸಿರಲಿಲ್ಲ.

ತುಮಕೂರಿನ ಟೀಚರ್ (7:11)
ಮೈ ಜುಮ್ ಎಂದಿತು. ಅವತ್ತು ಒಂದು ಮಗು ಕೈ ನೋಯುತ್ತದೆ ಅಂತ ಅತ್ತಿತ್ತು. ನೋವು ಇದ್ದರೆ ಲಸಿಕೆ ಕೆಲಸ ಮಾಡುತ್ತಿದೆ ಅಂತ ಸುಮ್ನೆ ಸಮಾಧಾನಕ್ಕೆ ಹೇಳಿದ್ದೆ. ಅದರಲ್ಲಿ ನಿಜವೂ ಇತ್ತು.

ಕೋಲಾರದ ಹೌಸ್‌ಸರ್ಜನ್ (7:30)
ಇತ್ತು ಮೇಡಂ. ಆದರೆ ನೋವು ಬರದ ಮಕ್ಕಳಿಗೆ ಲಸಿಕೆ ಹತ್ತಿಲ್ಲ ಅಂತಲ್ಲ.

ಮಧುಗಿರಿ ಬೆಟ್ಟ (8:15)
ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ನನಗೆ ಲೂಪಸ್ (ಮೈಯ ಕಾವಲು ಪಡೆ ತನ್ನ ಮೈ ಮೇಲೆಯೇ ತಿರುಗುವ ರೋಗ) ಇದೆ. ಆರು ವರ್ಷ ಆಯಿತು. ಮೊದಲ ಎರಡು ವರ್ಷ ಗಂಟು ನೋವಿಗೆ ಒಂದು ಆಸ್ಪತ್ರೆಗೆ ತಿರುಗಿದೆ. ನಿಶ್ಶಕ್ತಿ, ಮನಸ್ಸಿನ ಚಿಂತೆ ಅಂತ ಟಾನಿಕ್ ಬರೆದರು. ಮುಖದ ಮೇಲೆ ಕೆಂಪು ಬಂದ ಮೇಲೆ ಬೇರೆ ಕಡೆ ಪರೀಕ್ಷೆ ಮಾಡಿಸಿದೆ. ನನ್ನ ರಕ್ತದಲ್ಲಿ ನನ್ನದೇ ಡಿಎನ್‌ಎ ವಿರುದ್ಧ ಆ್ಯಂಟಿಬಾಡಿ ಇತ್ತು. ಚಿಂತಾಮಣಿಯವರು "ನಮ್ಮ ಡಿಎನ್‌ಎ ಆ ಚೀಲಕ್ಕೆ ಬರುವುದಿಲ್ಲ" ಎಂದರಲ್ಲ, ನನ್ನಂಥವರಲ್ಲಿ ಬರುತ್ತದಾ? ನಾನು ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಳ್ಳುತ್ತಿದ್ದೇನೆ.

ಚಿಂತಾಮಣಿ ಓದುಗ (8:40)
ಅಕ್ಕಾ, ನೀವು ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಕಡಿಮೆ ಅಂದಿದ್ದೆ, ಬರುವುದೇ ಇಲ್ಲ ಅಂತ ಅಲ್ಲ. ಲೂಪಸ್‌ನಲ್ಲಿ ಆ ಆ್ಯಂಟಿಬಾಡಿ ನಿಮ್ಮ ಡಿಎನ್‌ಎ ಚೂರನ್ನು ಹಿಡಿದು ಒಂದು ಗಂಟು ಮಾಡುತ್ತದೆ. ಆ ಗಂಟನ್ನು ಕಣ ನುಂಗುತ್ತದೆ. ಹೀಗೆ ಬರಬಾರದ ಚೀಲಕ್ಕೆ ನಮ್ಮದೇ ಡಿಎನ್‌ಎ ಬಂದು ಬೀಳುತ್ತದೆ. ಆರ್‌ಎನ್‌ಎ ಕೂಡ ಹಾಗೇ ಬರುತ್ತದೆ, ಅದನ್ನು ಟಿಎಲ್‌ಆರ್ 7 ಹಿಡಿಯುತ್ತದೆ. ಲೂಪಸ್‌ನಲ್ಲಿ ಈ 7ರದೇ ಕೈ ದೊಡ್ಡದು. ಇಲಿಗಳಲ್ಲಿ 9 ತೆಗೆದಾಗ ರೋಗ ಜಾಸ್ತಿ ಆದದ್ದೂ ಇದೆ.

ನಿಮ್ಮ ಮಾತ್ರೆ ಆ ಹುಳಿ ಚೀಲದೊಳಗೆ ಸೇರಿಕೊಂಡು ಅಲ್ಲಿನ ಕೆಲಸ ತಗ್ಗಿಸುತ್ತದೆ. 7, 9 ಎರಡೂ ಮಂಕಾಗುತ್ತವೆ. ಮಲೇರಿಯಾ ಮಾತ್ರೆ ಲೂಪಸ್‌ಗೆ ಯಾಕೆ ಕೊಡುತ್ತಾರೆ ಅನ್ನುವುದಕ್ಕೆ ಇದೊಂದು ಉತ್ತರ.

ಕೋಲಾರದ ಹೌಸ್‌ಸರ್ಜನ್ (8:44)
ಅಕ್ಕಾ, ಕಣ್ಣಿನ ಪರೀಕ್ಷೆ ಮಾಡಿಸುತ್ತಿದ್ದೀರಾ? ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ರೆಟಿನಾ ನೋಡಿಸಬೇಕು. ಮಾತ್ರೆ ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ಮಧುಗಿರಿ ಬೆಟ್ಟ (8:50)
ಈ ವರ್ಷದ್ದು ಬಾಕಿ ಇದೆ. ಈ ತಿಂಗಳೇ ಹೋಗುತ್ತೇನೆ. ಇಷ್ಟು ವರ್ಷದಲ್ಲಿ ಈ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಬಹಳ ಥ್ಯಾಂಕ್ಸ್.

ಹುಳುಮನೆ ಶಿಡ್ಲಘಟ್ಟ (9:30)
ಅಪ್ಪನಿಗೆ ಬೆಳಿಗ್ಗೆ ಜ್ವರ 99.4. ಗೆರೆ ಎಳೆದಿದ್ದೆವು, ಕೆಂಪು ಗೆರೆಯಿಂದ ಒಳಗೆ ಸರಿದಿದೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ನನ್ನದೊಂದು ಪ್ರಶ್ನೆ ಈಗ. ನಮ್ಮ ರೇಷ್ಮೆ ಹುಳುವಿಗೂ ಈ ವ್ಯವಸ್ಥೆ ಇದೆಯಾ? ಮಳೆಗಾಲದಲ್ಲಿ ಸುಣ್ಣಕಟ್ಟು ರೋಗ ಬಂದು ಒಂದು ಬೆಳೆ ಪೂರ್ತಿ ಹೋಯಿತು. ಅವಕ್ಕೂ ಕಾವಲು ಇದ್ದರೆ ಯಾಕೆ ಉಳಿಯಲಿಲ್ಲ?

ಸಂತೆ ಸುದ್ದಿ (9:34)
ಇದು ನಮಗೂ ಬೇಕು. ಹೇಳಿ ಮೇಷ್ಟ್ರೇ.

ಮೇಷ್ಟ್ರು ಗೌರಿಬಿದನೂರು (10:20)
ಈ ಪ್ರಶ್ನೆ ನಿಮ್ಮಿಂದ ಬಂದದ್ದು ನನಗೆ ನಿಜವಾಗಿ ಖುಷಿ. ಯಾಕೆಂದರೆ ಈ ಕಥೆಯೆಲ್ಲಾ ಶುರುವಾದದ್ದೇ ಹುಳುಗಳಿಂದ.

ಟಿಎಲ್‌ಆರ್ ಹೆಸರಿನ ಮೊದಲಕ್ಷರ ಟೋಲ್. ಹಣ್ಣಿನ ನೊಣದ ಒಂದು ಜೀನ್ ಅದು. ಮರಿಯ ಬೆನ್ನು ಯಾವುದು, ಹೊಟ್ಟೆ ಯಾವುದು ಅಂತ ತೀರ್ಮಾನಿಸುವ ಜೀನ್ ಅಂತ ಮೊದಲು ಗೊತ್ತಾಯಿತು. ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ತಂಡ 1996ರಲ್ಲಿ ಅದರ ಇನ್ನೊಂದು ಕೆಲಸ ಕಂಡುಹಿಡಿಯಿತು. ಟೋಲ್ ಕೆಟ್ಟ ನೊಣಗಳು ಬೂಷ್ಟು ತಗುಲಿ ಸತ್ತವು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಇಲಿಯಲ್ಲಿ ಅಂಥದ್ದೇ ಒಂದು, ಟಿಎಲ್‌ಆರ್ 4, ಬ್ಯಾಕ್ಟೀರಿಯಾದ ಗೋಡೆಯ ಕೊಬ್ಬನ್ನು ಹಿಡಿಯುತ್ತದೆ ಅಂತ ತೋರಿಸಿದರು. ಇಬ್ಬರಿಗೂ 2011ರಲ್ಲಿ ನೊಬೆಲ್ ಬಂತು. ಮನುಷ್ಯರಲ್ಲಿ ಇಂಥವು 10 ಇವೆ. ಡಿಎನ್‌ಎ ನೋಡುವ 9 ಅವುಗಳಲ್ಲಿ ಒಂದು. ತಾತನ ಕಾಲಿನಲ್ಲಿ ಮೊದಲು ಕೂಗಿದ್ದು ಗೋಡೆಯ ಚೂರು ನೋಡುವ 2 ಅಥವಾ 4 ಇರಬಹುದು. ಡಿಎನ್‌ಎ ಸಿಗಬೇಕಾದರೆ ಕ್ರಿಮಿ ಒಡೆಯಬೇಕಲ್ಲ.

ರೇಷ್ಮೆ ಹುಳುವಿಗೂ ಟೋಲ್ ಇದೆ. ಸುಣ್ಣಕಟ್ಟು ಬ್ಯಾಕ್ಟೀರಿಯಾ ಅಲ್ಲ, ಬೂಷ್ಟು. ಬ್ಯುವೇರಿಯಾ ಅಂತ. ಕ್ರಿಮಿಯಿಂದ ಪ್ರಾಣಿಗೆ ರೋಗ ಬರುತ್ತದೆ ಅಂತ ಮೊದಲು ತೋರಿಸಿದ್ದೇ ಈ ಸುಣ್ಣಕಟ್ಟಿನಲ್ಲಿ. 1835ರಲ್ಲಿ ಇಟಲಿಯ ಅಗಸ್ಟಿನೊ ಬಾಸಿ. ಆ ಬೂಷ್ಟಿಗೆ ಅವರ ಹೆಸರೇ ಇದೆ, ಬ್ಯುವೇರಿಯಾ ಬಾಸಿಯಾನಾ.

ಕಾವಲು ಇದ್ದರೂ ಯಾಕೆ ಸತ್ತವು ಅಂದರೆ, ಆ ಬೂಷ್ಟು ಚರ್ಮ ಕೊರೆದು ಒಳಗೆ ಹೋಗುತ್ತದೆ. ತಣ್ಣಗೆ, ತೇವ ಇದ್ದರೆ ಅದರ ಬೀಜಕಣ ಬೇಗ ಮೊಳೆಯುತ್ತವೆ. ಹುಳುವಿನ ಪಡೆ ಎದ್ದರೂ ಸಾಲುವುದಿಲ್ಲ. ಮತ್ತೆ, ಹುಳುಗಳಿಗೆ ನಮ್ಮ ಹಾಗೆ ರೋಗ ನೆನಪಿಟ್ಟುಕೊಳ್ಳುವ ಬಿ ಕಣ ಇಲ್ಲ.

ಚಿಂತಾಮಣಿ ಓದುಗ (10:31)
ಒಂದು ಸೇರಿಸುತ್ತೇನೆ. ಕೀಟದ ಟೋಲ್ ನೇರವಾಗಿ ಕ್ರಿಮಿಯನ್ನು ಮುಟ್ಟುವುದಿಲ್ಲ. ಕ್ರಿಮಿ ಬಂದರೆ ಕೀಟದ ರಕ್ತದಲ್ಲಿ ಸ್ಪೇಟ್ಸ್‌ಲೆ ಎಂಬ ಪ್ರೊಟೀನ್ ಕತ್ತರಿಸಿಕೊಳ್ಳುತ್ತದೆ, ಅದು ಹೋಗಿ ಟೋಲ್ ತಟ್ಟುತ್ತದೆ. ನಮ್ಮದು ನೇರ. ಆಮೇಲೆ ಕೀಟದ ಮೈಯಲ್ಲಿ ಕ್ರಿಮಿ ಕೊಲ್ಲುವ ಸಣ್ಣ ಪ್ರೊಟೀನ್ ತಯಾರಾಗುತ್ತವೆ. ಅಂಥದ್ದರಲ್ಲಿ ಹೆಸರಾದ ಸೆಕ್ರೋಪಿನ್ 1981ರಲ್ಲಿ ಸಿಕ್ಕಿದ್ದು ಸ್ವೀಡನ್ನಿನಲ್ಲಿ, ಸೆಕ್ರೋಪಿಯಾ ಎಂಬ ದೊಡ್ಡ ಕಾಡು ರೇಷ್ಮೆ ಪತಂಗದ ಪ್ಯೂಪಾದಲ್ಲಿ (ಗೂಡಿನೊಳಗಿನ ಹಂತ).

ಬಾಗೇಪಲ್ಲಿ ಗಡಿ (10:36)
ಹುಳುಗಳಿಗೆ "ಜ್ವರ" ಬರುತ್ತದೆ ಅಂತಾರಲ್ಲ, ಎರಡನೇ ಜ್ವರ, ಮೂರನೇ ಜ್ವರ ಅಂತ. ಅದೂ ಇದೇನಾ?

ಹುಳುಮನೆ ಶಿಡ್ಲಘಟ್ಟ (10:39)
ಅಲ್ಲ ಸ್ವಾಮಿ. ಅದು ಪೊರೆ ಬಿಡುವುದು. ಸೊಪ್ಪು ತಿನ್ನದೆ ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತವೆ, ಅದಕ್ಕೆ ಜ್ವರ ಅನ್ನುತ್ತೇವೆ. ರೋಗ ಅಲ್ಲ. ನಾಲ್ಕು ಜ್ವರ ದಾಟಿದ ಮೇಲೇ ಗೂಡು.

ಬಾಗೇಪಲ್ಲಿ ಗಡಿ (10:40)
ಇಷ್ಟು ವರ್ಷ ತಪ್ಪು ತಿಳಿದಿದ್ದೆ.

ಕೋಲಾರದ ಹೌಸ್‌ಸರ್ಜನ್ (ಮಧ್ಯಾಹ್ನ 2:10)
ಊಟದ ಬಿಡುವಿನಲ್ಲಿ ಒಂದು ವಿಷಯ. ಕೆಲವು ಹೈವೇ ಆಕ್ಸಿಡೆಂಟ್ ಕೇಸ್‌ಗಳಲ್ಲಿ ಗಾಯ ಕೊಳೆತಿರುವುದಿಲ್ಲ, ಸೋಂಕೂ ಇರುವುದಿಲ್ಲ. ಆದರೂ ಬಿಳಿ ಕಣ ಏರುತ್ತದೆ, ಜ್ವರ ಬರುತ್ತದೆ. ಕಾರಣಗಳಲ್ಲಿ ಒಂದು ಮೈಟೋಕಾಂಡ್ರಿಯ, ಅಂದರೆ ಕಣಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳು. ಅವು ಕೋಟಿಗಟ್ಟಲೆ ವರ್ಷಗಳ ಹಿಂದೆ ಕಣದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾದ ವಂಶ. ಅವುಗಳ ಡಿಎನ್‌ಎ ಇನ್ನೂ ಬೋಳಾಗಿಯೇ ಇದೆ. ಮೂಳೆ, ಮಾಂಸ ಜಜ್ಜಿದಾಗ ಅದು ರಕ್ತಕ್ಕೆ ಬರುತ್ತದೆ. ನ್ಯೂಟ್ರೋಫಿಲ್‌ಗಳು ಟಿಎಲ್‌ಆರ್ 9 ಮೂಲಕವೇ ಅದನ್ನು ಹಿಡಿದು ಎದ್ದೇಳುತ್ತವೆ. 2010ರಲ್ಲಿ ಅಮೆರಿಕದಲ್ಲಿ ಗಾಯಾಳುಗಳ ರಕ್ತದಲ್ಲಿ ಇದನ್ನು ನೋಡಿದ್ದಾರೆ. ಹಾಗಾಗಿ ಬಿಳಿ ಕಣ ಏರಿದೆ ಅಂದರೆ ಸೋಂಕೇ ಅಂತ ರಿಪೋರ್ಟ್ ನೋಡಿ ತೀರ್ಮಾನ ಮಾಡಬೇಡಿ.

ಮೇಷ್ಟ್ರು ಗೌರಿಬಿದನೂರು (2:25)
ಹಾಗಾದರೆ ಮೈಟೋಕಾಂಡ್ರಿಯ ಅಂದರೆ ತೆಲುಗು ಮಾತಾಡುತ್ತಾ ಬಂದು ನಮ್ಮ ಬೀದಿಯಲ್ಲೇ ಮನೆ ಮಾಡಿದವರು, ತಲೆಕಟ್ಟು ಮಾತ್ರ ಬಿಟ್ಟಿಲ್ಲ.

ಬಾಗೇಪಲ್ಲಿ ಗಡಿ (2:27)
ನಮ್ಮ ಮನೆಯದೇ ಕಥೆ ಮೇಷ್ಟ್ರೇ! ಮಾತು ತೆಲುಗು, ಓದು ಕನ್ನಡ.

ಹುಳುಮನೆ ಶಿಡ್ಲಘಟ್ಟ (ಸಂಜೆ 7:15)
ಮಗಳು ಎಲ್ಲಾ ಓದಿದಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇನ್ನೊಂದು ಪ್ರಶ್ನೆ ಕೇಳುತ್ತಿದ್ದಾಳೆ. 1882ರಲ್ಲಿ ಮೆಚ್ನಿಕಾಫ್ ಎಂಬವರು ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕಣಗಳು ಮುತ್ತಿಕೊಂಡದ್ದನ್ನು ನೋಡಿದರಂತೆ. ತಾತನ ಮುಳ್ಳಿನ ಸುತ್ತ ಮುತ್ತಿದ ಕಣಗಳನ್ನು ಕಣ್ಣಾರೆ ನೋಡಬಹುದಾ ಅಂತ ಕೇಳುತ್ತಿದ್ದಾಳೆ.

ನೇರಳೆ ಮುಚ್ಚಳ (7:28)
ತಾತನ ಗಾಯದ್ದು ಆಗುವುದಿಲ್ಲ ಪುಟ್ಟಾ. ಆದರೆ ಶುಕ್ರವಾರ ತಾತನಿಗೆ ಮತ್ತೆ ಸಿಬಿಸಿ (ರಕ್ತಕಣಗಳ ಎಣಿಕೆ) ಇದೆ ಅಲ್ವಾ? ಮನೆಯವರು ಒಪ್ಪಿದರೆ ಅದೇ ರಕ್ತದ ಒಂದು ಹನಿಯಲ್ಲಿ ಸ್ಲೈಡ್ ಎಳೆದು ಲೀಶ್‌ಮನ್ ಬಣ್ಣ ಹಾಕುತ್ತೇನೆ. ನ್ಯೂಟ್ರೋಫಿಲ್‌ನ ನ್ಯೂಕ್ಲಿಯಸ್ ಮೂರು ನಾಲ್ಕು ತುಂಡಾಗಿ ಮಣಿ ಪೋಣಿಸಿದ ಹಾಗೆ ಕಾಣುತ್ತದೆ. ಹನ್ನೊಂದು ಗಂಟೆ ಒಳಗೆ ಬನ್ನಿ, ಆಮೇಲೆ ರಶ್ ಆಗುತ್ತದೆ. ನಮ್ಮ ಮೇಡಂ ಹತ್ತಿರ ನಾನು ಕೇಳಿ ಇಟ್ಟಿರುತ್ತೇನೆ.

ಹುಳುಮನೆ ಶಿಡ್ಲಘಟ್ಟ (7:34)
ಖಂಡಿತ ಬರುತ್ತೇವೆ ಅಕ್ಕ. ಹುಳು ನಾಲ್ಕನೇ ಜ್ವರ ಎದ್ದಿವೆ. ಬೆಳಿಗ್ಗೆ ಸೊಪ್ಪು ಹಾಕಿ ಹೊರಡುತ್ತೇವೆ.